ಕೆಂಪಿಗೆ ಹೋದ ಸೂಜಿ

ಅವನು ಮತ್ತೆ ನಕ್ಕ.

ಗಾಜಿನ ಆಚೆ ಬದಿಯಲ್ಲಿ, ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿಕೊಂಡು, ಕಣ್ಣು ಮುಚ್ಚಿ, ಯಾರೋ ಕೆನ್ನೆಗೆ ಗರಿ ಸವರಿದ ಹಾಗೆ ನಕ್ಕ. ಮೊದಲು ತುಟಿಯ ಎಡತುದಿ ಮೇಲೇರಿತು. ಬಲತುದಿ ಸ್ವಲ್ಪ ತಡವಾಗಿ ಅದನ್ನು ಹಿಂಬಾಲಿಸಿತು. ಹುಬ್ಬುಗಳ ನಡುವೆ ಸದಾ ಇರುವ ಆ ಸಣ್ಣ ಗೆರೆ ಕರಗಿಯೇ ಹೋಯಿತು. ಕೈ ಮೌಸಿನ ಮೇಲೆ ಆಡಿತು. ಪರದೆಯ ಮೇಲಿನ ಗೆರೆ ಸರ್ರನೆ ಹಿಂದಕ್ಕೋಡಿ ಟೇಪಿನ ಶುರುವಿಗೆ ಬಂದು ನಿಂತಿತು. ಮತ್ತೆ ಅದೇ ಜಾಗ. ಮತ್ತೆ ಅದೇ ನಗು.

ಗಾಜಿನ ಈಚೆ ಕೂತಿದ್ದವಳ ಕೈಯಲ್ಲಿದ್ದ ಹತ್ತಿಕಡ್ಡಿ ಪಟ್ಟನೆ ಮುರಿಯಿತು.

ಆ ಶುರುವಿನಲ್ಲಿ ಏನಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಟೇಪನ್ನು ಮೆಷಿನ್ನಿಗೆ ಹಾಕಿದವಳೇ ಅವಳು. ಶುರುವಿನಲ್ಲಿ ಒಬ್ಬ ಹೆಂಗಸು ಕಿರುಚುತ್ತಾಳೆ. ಹಾಡುತ್ತಾಳೆ ಅನ್ನಲು ಬಾಯಿ ಬರುವುದಿಲ್ಲ. ತಗಡಿನ ಮೇಲೆ ಮೊಳೆ ಎಳೆದ ಹಾಗೆ, ಉರಿಯುವ ಗಾಯದ ಮೇಲೆ ನೀರು ಬಿದ್ದ ಹಾಗೆ ಕಿರುಚುತ್ತಾಳೆ. ಅವಳ ಬೆನ್ನಿಗೆ ಒಂದು ಗಿಟಾರು, ಗಿಟಾರಿಗಿಂತ ಹೆಚ್ಚಾಗಿ ಕೆಟ್ಟುಹೋದ ಮಿಕ್ಸಿಯಂಥದ್ದು. ಅದರ ಹಿಂದೆ ಡ್ರಮ್ಮೋ, ಮೆಟ್ಟಿಲ ಮೇಲೆ ಉರುಳುತ್ತಿರುವ ಬೀರುವೋ, ದೇವರಿಗೇ ಗೊತ್ತು.

ಇಂಥ ಹೆಂಗಸಿಗೆ ಇಂಥ ನಗು!

ಹಳೆಯ ಟೇಪುಗಳಲ್ಲಿರುವ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿ ಅದು. ಮೂರನೇ ಮಹಡಿ. ಕೆಳಗೆ ಬೀಗ ರಿಪೇರಿಯವನು, ಎದುರಿಗೆ ಕನ್ನಡಕದ ಅಂಗಡಿ. ಜನ ತೀರಿಹೋದ ತಾತನ ಕೆಮ್ಮು, ಮಗುವಿನ ಮೊದಲ ತೊದಲು, ಎಂದೋ ಮಾಡಿದ ಭಾಷಣ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದುಕೊಡುತ್ತಿದ್ದರು. ಸ್ಪಿರಿಟ್ ಅದ್ದಿದ ಹತ್ತಿಯಿಂದ ಮೆಷಿನ್ ಒರೆಸಿ ಟೇಪು ಓಡಿಸುವುದು, ದನಿಯಲ್ಲಿರುವ ಸುಯ್‌ಗುಟ್ಟುವಿಕೆ, ಚಟಪಟ, ಗರಗರಗಳನ್ನೆಲ್ಲ ತೆಗೆಯುವುದು ಅವಳ ಕೆಲಸ. ಅದನ್ನು ಕೇಳಿ, ತುಂಡು ತುಂಡಾಗಿ ಕತ್ತರಿಸಿ, ಗಿರಾಕಿಯ ಕೈಗೆ ಒಪ್ಪಿಸುವುದು ಅವನ ಕೆಲಸ.

ಯಜಮಾನಿ ಇಬ್ಬರಿಗೂ ಹೆಸರಿಟ್ಟಿದ್ದರು. ದಿನವಿಡೀ ಹತ್ತಿ ಹಿಡಿದು ಕೂರುವ, ಹತ್ತಿಯಲ್ಲಿ ಸುತ್ತಿದ ಹಾಗೆ ಮಾತಾಡುವ ಅವಳು ಹತ್ತಿ. ಬಿಡುವಾದಾಗಲೆಲ್ಲ ಕಿವಿ ಸೀಳುವ ಹಾಡುಗಳನ್ನೇ ಹಾಕಿಕೊಂಡು ಕೂರುವ ಅವನು ಗರಗಸ.

ಅಂಗಡಿಯಲ್ಲೊಂದು ಪದ್ಧತಿಯಿತ್ತು. ಟೇಪಿನಲ್ಲಿ ದನಿ ಶುರುವಾಗುವ ಮುಂಚೆ, ಓಡಿಸುವವರು ಮೇಜಿನ ಮೈಕಿನಲ್ಲಿ ಅದರ ನಂಬರು, ಬದಿ, ಸ್ಥಿತಿ ಹೇಳಬೇಕು. ಅದು ಟೇಪಿನ ದನಿಯ ಜೊತೆಗೇ, ಅದರ ಮುಂದೆ ದಾಖಲಾಗುತ್ತದೆ. "ಚೀಟಿ ಕಳೆದುಹೋಗುತ್ತೆ, ದನಿ ಕಳೆದುಹೋಗಲ್ಲ" ಎನ್ನುವುದು ಯಜಮಾನಿಯ ಮಾತು. ಗಿರಾಕಿಗೆ ಕೊಡುವಾಗ ಆ ತುಣುಕನ್ನು ಅವನು ಕತ್ತರಿಸಿ ತೆಗೆಯುತ್ತಿದ್ದ. ಹತ್ತಿಗೆ ಮೈಕು ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ದನಿ ಅಳೆಯುವ ಮೀಟರಿನ ಸೂಜಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು.

ಈ ಟೇಪಿನ ದಿನ ಮಾತ್ರ ಎಡವಟ್ಟಾಗಿತ್ತು. ಮೈಕು ಆರಿಸುವ ಮುಂಚೆಯೇ ಆ ಹೆಂಗಸು ಬಾಯಿ ತೆಗೆದಿದ್ದಳು. ಹತ್ತಿ ಬೆಚ್ಚಿಬಿದ್ದು, ಏನೋ ಗೊಣಗಿ, ಸ್ಪಿರಿಟ್ ಬಾಟಲಿ ಚೆಲ್ಲಿ, ಆಮೇಲೆ ತಡಕಾಡಿ ಮೈಕು ಆರಿಸಿದ್ದಳು.

ಅಂದಿನಿಂದ ಅವನು ಆ ಶುರುವನ್ನು ಬಿಟ್ಟು ಏಳುತ್ತಿರಲಿಲ್ಲ.

*

"ಏನಿದೆ ಅದರಲ್ಲಿ?"

ಕೇಳಿಯೇಬಿಟ್ಟಳು. ಊಟದ ಡಬ್ಬಿ ತೊಳೆಯುವ ನೆಪದಲ್ಲಿ ಅವನ ಕುರ್ಚಿಯ ಹಿಂದೆ ಬಂದು ನಿಂತಿದ್ದಳು.

ಅವನು ಬೆಚ್ಚಿ ಹೆಡ್‌ಫೋನ್ ಕಳಚಿದ. ಕಳ್ಳ ಸಿಕ್ಕಿಬಿದ್ದ ಹಾಗೆ ಕಿವಿ ಕೆಂಪಾಯಿತು. ಅದನ್ನೂ ಅವಳು ನೋಡಿದಳು. ಲೆಕ್ಕಕ್ಕೆ ಸೇರಿಸಿಕೊಂಡಳು.

"ಯಾವುದರಲ್ಲಿ?"

"ಆ... ತುಕ್ಕು." ಟೇಪಿನ ಡಬ್ಬಿಯ ಮೇಲೆ ಬ್ಯಾಂಡಿನ ಹೆಸರು ಹಾಗೇ ಇತ್ತು, ಮಸಿಪೆನ್ನಿನಲ್ಲಿ: ತುಕ್ಕು, ಲಾಂಡ್ರಿಯಲ್ಲಿ, ಮೊದಲ ಸಲ.

"ಓ! ಅದಾ!" ಅವನ ಮುಖ ಅರಳಿತು. "ಹತ್ತಿಯವರೇ, ಕೂತ್ಕೊಳಿ. ಇವರು ಮುಚ್ಚಿಹೋದ ಒಂದು ಲಾಂಡ್ರಿಯ ನೆಲಮಾಳಿಗೇಲಿ ರೆಕಾರ್ಡ್ ಮಾಡಿದ್ದು. ಒಂದೇ ಮೈಕು. ಅದೂ ಬಾಯಿಗೆ ತೀರ ಹತ್ತಿರ. ದನಿ ಮಿತಿ ಮೀರಿ, ಸೂಜಿ ಶುರುವಿಂದ ಕೊನೇವರೆಗೂ ಕೆಂಪಲ್ಲೇ ಇದೆ. ನಡುವೆ ಯಾರೋ ಕೆಮ್ತಾರೆ, ಪೈಪಲ್ಲಿ ನೀರು ಹರಿಯುತ್ತೆ, ಗಿಟಾರಿನ ತಂತಿ ಕಿತ್ತುಹೋಗುತ್ತೆ. ಅವರು ನಿಲ್ಲಿಸೋದೇ ಇಲ್ಲ!"

"ಅದು ತಪ್ಪಲ್ವಾ?"

"ತಪ್ಪೇ. ಆದ್ರೆ ಇದಕ್ಕೆ ಚೆನ್ನಾಗಿ ಕಾಣಿಸ್ಬೇಕು ಅನ್ನೋ ಹಂಬಲ ಇಲ್ಲ ನೋಡಿ. ಇಸ್ತ್ರಿ ಮಾಡಿಲ್ಲ, ಪೌಡರ್ ಹಚ್ಚಿಲ್ಲ. ಎದೇಲಿ ಏನಿದ್ಯೋ ಅದು ಸೀದಾ ಬಾಯಿಗೆ. ಕೇಳಿದ್ರೆ ಚರ್ಮ ತರಚಿದ ಹಾಗಾಗುತ್ತೆ. ತರಚಿದ ಮೇಲೇ ಅಲ್ವಾ, ಇಲ್ಲೊಂದು ಚರ್ಮ ಇದೆ ಅಂತ ನೆನಪಾಗೋದು?"

ಎದುರಿನ ಗಾಜಿನಲ್ಲಿ ಅವಳಿಗೆ ತನ್ನದೇ ಮುಖ ಕಂಡಿತು. ಇಸ್ತ್ರಿ ಮಾಡಿದ ದುಪಟ್ಟಾ. ಕಿವಿಯ ಹಿಂದೆ ಅಚ್ಚುಕಟ್ಟಾಗಿ ಸಿಕ್ಕಿಸಿದ ಕೂದಲು. ಪೌಡರ್ ಕೂಡ, ಸ್ವಲ್ಪವೇ.

"ಅವಳು ಯಾರು?" ಎಂದಳು, ದನಿ ಆದಷ್ಟೂ ಹಗುರ ಮಾಡಿಕೊಂಡು.

"ನಾಳೆ ಗೊತ್ತಾಗುತ್ತೆ. ಟೇಪು ತಂದುಕೊಟ್ಟಿದ್ದು ಅವರ ತಮ್ಮ. ನಾಳೆ ತಾನೇ ಬಂದು ತಗೋತೀನಿ ಅಂತ ಹಾಡಿದವರೇ ಫೋನ್ ಮಾಡಿದ್ರು." ಅವನು ಬೆರಳುಗಳಿಂದ ಮೇಜಿನ ಮೇಲೆ ಆ ಬೀರು ಉರುಳುವ ತಾಳವನ್ನೇ ಬಡಿದ. "ಹೊಸ ಶರ್ಟ್ ಹಾಕ್ಕೊಂಡು ಬರ್ಬೇಕು."

ಅವಳು ಡಬ್ಬಿ ತೊಳೆಯದೆಯೇ ವಾಪಸ್ಸು ಹೋದಳು.

*

"ಯಾರು, ಆ ಗರಗಸವಾ?" ಮಾರನೆಯ ಬೆಳಿಗ್ಗೆ ಅಕ್ಕ ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡೇ ಕೇಳಿದಳು. ಇಬ್ಬರಿಗೂ ಒಂದೇ ಕನ್ನಡಿ. ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ನರ್ಸು.

"ಅವನಿಗೆ ಬೇರೆಯವರು ಇಷ್ಟ ಆಗಿದ್ದಾರೆ."

"ಯಾರವಳು?"

"ಟೇಪಲ್ಲಿರೋಳು."

ಅಕ್ಕನ ಬಾಯಿಂದ ಪಿನ್ನು ಉದುರಿತು. "ಟೇಪಲ್ಲಿರೋಳಾ? ಅಯ್ಯೋ ನನ್ನ ಪೆದ್ದಿ! ಲೋಕದಲ್ಲಿ ಎಲ್ಲರಿಗೂ ಸವತಿ ಪಕ್ಕದ ಬೀದೀಲಿ ಇದ್ರೆ, ನಿನಗೆ ಪ್ಲಾಸ್ಟಿಕ್ ಡಬ್ಬೀಲಿ ಸಿಕ್ಳಾ?"

"ನಗಬೇಡ ಅಕ್ಕಾ."

"ಎಲ್ಲಿ, ಕೇಳಿಸು ನೋಡೋಣ, ಅಂಥಾ ಕೋಗಿಲೆ ಯಾರು ಅಂತ."

ಹತ್ತಿಯ ಫೋನಿನಲ್ಲಿ ಒಂದು ತುಣುಕಿತ್ತು. ಯಾಕೆ ಇಟ್ಟುಕೊಂಡಿದ್ದಳೋ. ಹಾಡಿನ ನಟ್ಟನಡುವಿನ ತುಣುಕು, ಕೇಳಿ ಕೇಳಿ ಮೈ ಉರಿಸಿಕೊಳ್ಳಲೆಂದೇ ಇರಬೇಕು. ಅಕ್ಕ ಅದನ್ನು ಗಂಭೀರವಾಗಿ ಕೇಳಿದಳು.

"ಇದಕ್ಕೆ ಜನ ದುಡ್ಡು ಕೊಟ್ಟು ಟಿಕೆಟ್ ತಗೋತಾರಾ? ನಮ್ಮ ಕ್ಲಿನಿಕ್ಕಿಗೆ ಬರೋಕೆ ಹೇಳು. ಡ್ರಿಲ್ಲು ನಮ್ದು, ಕಿರುಚೋದು ಅವರ್ದು." ಆಮೇಲೆ ತಂಗಿಯ ಗಲ್ಲ ಹಿಡಿದೆತ್ತಿದಳು. "ನೀನು ಅವನಿಗೆ ಹೇಳಿದ್ದೀಯಾ?"

"ಏನಂತ?"

"ನೋಡಿದ್ಯಾ. ಅವಳು ಇಡೀ ಬೀದಿಗೆ ಕೇಳೋ ಹಾಗೆ ಹೇಳ್ತಾಳೆ, ನೀನು ದಿಂಬಿಗೂ ಹೇಳಲ್ಲ. ಹುಡುಗ ಯಾರ ಕಡೆ ತಿರುಗ್ತಾನೆ ಪಾಪ?"

ಆ ಮಾತು ದಾರಿಯುದ್ದಕ್ಕೂ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚಿತು.

*

ಅವನು ನಿಜಕ್ಕೂ ಹೊಸ ಶರ್ಟ್ ಹಾಕಿಕೊಂಡು ಬಂದಿದ್ದ. ನೀಲಿ. ಕಾಲರಿನ ಹಿಂದೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಬೇರೆ ದಿನವಾಗಿದ್ದರೆ ಹೇಳುತ್ತಿದ್ದಳು. ಇವತ್ತು ಹೇಳಲಿಲ್ಲ. ನೇತಾಡಲಿ. ಅವಳೇ ನೋಡಲಿ.

ಅವನು ಬಿಸ್ಕತ್ತು ತರಲು ಕೆಳಗಿಳಿದ. ಗಿರಾಕಿಗೆ ಬಿಸ್ಕತ್ತು! ತಾತನ ಕೆಮ್ಮು ತಂದವರಿಗೆ ಇವನು ಎಂದಾದರೂ ನೀರು ಕೊಟ್ಟಿದ್ದನೆ?

ಹತ್ತಿಯ ಕೈ ತಾನಾಗಿಯೇ ಆ ಫೈಲನ್ನು ತೆರೆಯಿತು.

ಇಸ್ತ್ರಿ ಮಾಡಿಲ್ಲ ತಾನೇ? ಮಾಡೋಣ. ಪೌಡರ್ ಹಚ್ಚೋಣ. ಈ ಗಲೀಜೆಲ್ಲ ತೆಗೆದ ಮೇಲೆ ಒಳಗೆ ಏನು ಉಳಿಯುತ್ತದೆ ಎಂದು ಇವನೂ ನೋಡಲಿ.

ಗಲೀಜು ತೆಗೆಯುವ ಕ್ರಮ ಸುಲಭ. ಹಾಡು ಶುರುವಾಗುವ ಮುಂಚಿನ, ಬರೀ ಸುಯ್ ಎನ್ನುವ ತುಣುಕನ್ನು ಆರಿಸಿ, ಇದು ಕಸ ಎಂದು ಕಂಪ್ಯೂಟರಿಗೆ ತೋರಿಸಬೇಕು. ಅದು ಗುರುತಿಟ್ಟುಕೊಂಡು ಅಂಥದ್ದನ್ನೆಲ್ಲ ಗುಡಿಸಿಹಾಕುತ್ತದೆ. ಅವಳು ನೋಡಲೂ ಇಲ್ಲ, ಕೇಳಲೂ ಇಲ್ಲ. ಕಿರುಚಾಟಕ್ಕೆ ಮುಂಚಿನ ಅಷ್ಟನ್ನೂ ಬಾಚಿ ಆರಿಸಿದಳು. ಇದು ಕಸ. ಒಮ್ಮೆ ಗುಡಿಸಿದಳು. ಸಾಲಲಿಲ್ಲ. ಇನ್ನೊಮ್ಮೆ. ಆಮೇಲೆ ಗಿಟಾರಿನ ಹಲ್ಲು ಮಸೆಯುವ ಸದ್ದನ್ನು ಕೆರೆದಳು, ಪೈಪಿನ ನೀರನ್ನು ಒರೆಸಿದಳು, ಕೆಮ್ಮಿದವನನ್ನು ಕತ್ತು ಹಿಡಿದು ಆಚೆ ದಬ್ಬಿದಳು.

ಕೇಳಿದಳು.

ಉಳಿದಿದ್ದು ಒಂದು ಹುಡುಗಿಯ ದನಿ. ತೆಳ್ಳಗೆ. ಸ್ವಲ್ಪ ನಡುಗುವಂಥದ್ದು. ತರಗತಿಯಲ್ಲಿ ಎದ್ದು ನಿಲ್ಲಿಸಿದರೆ ಮೇಜಿನ ಅಂಚು ಹಿಡಿದುಕೊಳ್ಳುವ ಹುಡುಗಿಯದು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಉಸಿರು ಮುಗಿದು, ಮಾತು ಗಂಟಲಲ್ಲೇ ಇಂಗಿಹೋಗುತ್ತಿತ್ತು.

ಗೆದ್ದೆ ಎಂದುಕೊಂಡಳು. ಆದರೆ ಖುಷಿ ಬರಲಿಲ್ಲ. ಆ ದನಿಯನ್ನು ಎಲ್ಲೋ ಕೇಳಿದ್ದೇನೆ ಅನಿಸಿತು. ಎಲ್ಲಿ ಎಂದು ಯೋಚಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ. ಮೂಲ ಫೈಲಿನ ಮೇಲೆ ಕೈ ಇಡಬಾರದು, ಏನಿದ್ದರೂ ನಕಲಿನ ಮೇಲೆ ಎನ್ನುವುದು ಆ ಅಂಗಡಿಯಲ್ಲಿ ಕಲಿಸುವ ಮೊದಲ ಪಾಠ. ಹೊಸ ಹೆಸರಿಡಲೋ, ಹಳೆಯದೇ ಇರಲೋ ಎಂದು ಕಂಪ್ಯೂಟರು ಕೇಳಿತು.

ಹಳೆಯದೇ, ಎಂದು ಒತ್ತಿದಳು.

*

ಬಂದವರು ಅರೆನರೆತ ಕೂದಲಿನ, ದುಂಡು ಮುಖದ ಹೆಂಗಸು. ಕತ್ತಿಗೆ ದಾರ ಕಟ್ಟಿದ ಕನ್ನಡಕ, ಭುಜಕ್ಕೆ ಸೊಪ್ಪು ಇಣುಕುವ ಬಟ್ಟೆಚೀಲ. ಮೂರು ಮಹಡಿ ಏರಿ ಏದುಸಿರು ಬಿಡುತ್ತಿದ್ದರು.

"ಲಿಫ್ಟ್ ಇಲ್ವಾ ನಿಮ್ಮಲ್ಲಿ? ಅಮ್ಮಾ, ಮಂಡಿ ಹೋಯ್ತು."

ದನಿ ಜೇನು. ಹತ್ತಿಯ ಬಾಯಿ ಸ್ವಲ್ಪ ತೆರೆದೇ ಉಳಿಯಿತು. ಇವರೇನಾ ಸವತಿ?

ಗರಗಸ ಕುರ್ಚಿ ಎಳೆದುಕೊಟ್ಟ, ನೀರು ಕೊಟ್ಟ, ಬಿಸ್ಕತ್ತಿನ ತಟ್ಟೆ ಮುಂದಿಟ್ಟ. ಕಣ್ಣುಗಳಲ್ಲಿ ದೀಪ ಹಚ್ಚಿದ ಹಾಗಿತ್ತು. ಅಮ್ಮನ ವಯಸ್ಸಿನ ಹೆಂಗಸು ಎಂದು ಗೊತ್ತಾದ ಮೇಲೂ ಹತ್ತಿಯ ಹೊಟ್ಟೆಯೊಳಗಿನ ಕಿಚ್ಚು ಆರಲಿಲ್ಲ. ಆರಬೇಕಿತ್ತಲ್ಲ! ಆರಲೇ ಇಲ್ಲ.

"ಮೇಡಂ, ನೀವೀಗ ಹಾಡ್ತೀರಾ?"

"ನೀರು ಸರಬರಾಜಿನ ಆಫೀಸಲ್ಲಿ ದೂರು ತಗೊಳೋ ಫೋನಿನ ಮುಂದೆ ಕೂರ್ತೀನಿ ಕಣಪ್ಪ. ನಲ್ಲೀಲಿ ನೀರು ಬರದಿದ್ರೆ ಜನ ನನ್ನ ಮೇಲೆ ಕಿರುಚ್ತಾರೆ. ನಾನು ‘ದಯವಿಟ್ಟು ಹೇಳಿ ಸರ್’ ಅಂತೀನಿ. ನನ್ನ ಪಾಲಿನ ಕಿರುಚಾಟ ಆಗಲೇ ಮುಗಿಸಿಬಿಟ್ಟೆನಲ್ಲ." ಬಿಸ್ಕತ್ತು ಮುರಿದು ನಕ್ಕರು. "ಎಲ್ಲಿ, ಹಾಕು. ನಮ್ಮ ಹುಚ್ಚು ಕೇಳೋಣ."

ಅವನು ಸ್ಪೀಕರ್ ಜೋರು ಮಾಡಿ ಒತ್ತಿದ.

ತೆಳ್ಳನೆಯ ಹುಡುಗಿಯೊಬ್ಬಳು ಕೋಣೆಯೊಳಗೆ ಅಳುಕುತ್ತ ಕಾಲಿಟ್ಟಳು.

ಅವನ ಮುಖದ ಬಣ್ಣ ಇಳಿಯಿತು. ಹೆಂಗಸು ಕನ್ನಡಕ ಏರಿಸಿಕೊಂಡು ಸ್ಪೀಕರನ್ನೇ ನೋಡಿದರು, ಅದರೊಳಗೆ ಯಾರಿದ್ದಾರೆ ಎಂದು ಹುಡುಕುವವರ ಹಾಗೆ.

"ಇದ್ಯಾರು?"

ಕಿವಿಯನ್ನು ಸ್ಪೀಕರಿಗೆ ಇನ್ನಷ್ಟು ಹತ್ತಿರ ತಂದರು.

"ಅಯ್ಯೋ," ಎಂದರು ಮೆಲ್ಲಗೆ. "ಇವಳು... ಇವಳು ನಾನೇ. ಲಾಂಡ್ರಿಗೆ ಇಳಿಯೋಕೆ ಮುಂಚಿನ ನಾನು." ಕನ್ನಡಕ ಕಳಚಿ ಕೈಯಲ್ಲಿ ಹಿಡಿದರು. "ಮನೇಲಿ ಉಪ್ಪು ಬೇಕು ಅಂತ ಕೇಳೋಕೂ ದನಿ ಇರ್ಲಿಲ್ಲ ನನಗೆ. ಆ ಸದ್ದು ಇತ್ತಲ್ಲ, ಅದರ ಹಿಂದೆ ಅವಿತುಕೊಂಡು ಬಾಯಿ ಬಿಡೋದು ಕಲಿತೆ. ಆಮೇಲೆ ಅವಿತುಕೊಳೋದು ಮರೆತೇಹೋಯ್ತು. ಅದನ್ನ ಯಾರಮ್ಮ ಹೀಗೆ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದ್ದು?"

ಸುಮ್ಮನಿದ್ದುಬಿಡಬಹುದಿತ್ತು. ಮೆಷಿನ್ನಿನ ತಪ್ಪು ಎಂದರೂ ನಡೆಯುತ್ತಿತ್ತು.

"ನಾನು," ಎಂದಳು ಹತ್ತಿ. "ಬೇಕಂತಲೇ ಮಾಡಿದೆ. ಮೂಲ ಫೈಲೂ ಹೋಯ್ತು. ಟೇಪು ಇನ್ನೂ ಇದೆ. ಮತ್ತೆ ಓಡಿಸಿಕೊಡ್ತೀನಿ. ಆದ್ರೆ ಓಡಿದಾಗಲೆಲ್ಲ ಅದರ ಲೇಪ ಪುಡಿಯಾಗಿ ಉದುರುತ್ತೆ. ಇನ್ನೊಂದೇ ಸಲ ತಾಳಬಹುದು."

ಹೆಂಗಸು ಅವಳನ್ನು ನೋಡಿದರು. ಆಮೇಲೆ ಅವನ ನೀಲಿ ಶರ್ಟನ್ನು. ಆಮೇಲೆ ಮತ್ತೆ ಅವಳ ಕೆಂಪು ಕಣ್ಣುಗಳನ್ನು. ದಿನವಿಡೀ ಜನರ ದೂರು ಕೇಳಿ ಪಳಗಿದವರು. ಏನು ಅರ್ಥವಾಯಿತೋ, ಚೀಲ ಎತ್ತಿಕೊಂಡು ಎದ್ದರು.

"ನಾನು ಕೆಳಗೆ ಹೋಗಿ ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಗಲೀಜಾಗಿರೋ ನನ್ನನ್ನ ಹುಡುಕಿಕೊಡಿ." ಬಾಗಿಲಲ್ಲಿ ತಿರುಗಿ ಅವನಿಗೆ ಹೇಳಿದರು: "ಮಗಾ, ಕಾಲರಲ್ಲಿ ಚೀಟಿ ನೇತಾಡ್ತಿದೆ."

*

ಬಾಗಿಲು ಮುಚ್ಚಿತು. ಅವನು ಚೀಟಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತ.

"ಬೇಕಂತಲೇ ಅಂದ್ರಿ."

"ಹೂಂ."

"ಯಾಕೆ?"

ಅವಳು ಹತ್ತಿಯ ಡಬ್ಬಿಯ ಮುಚ್ಚಳವನ್ನು ತಿರುಗಿಸಿದಳು, ಮತ್ತೆ ಹಾಕಿದಳು. "ನೀವು ದಿನವಿಡೀ ಅವರನ್ನೇ ಕೇಳ್ತೀರಿ. ಶುರುವಿಗೆ ಹೋಗಿ ಹೋಗಿ ಅದನ್ನೇ... ನಗ್ತೀರಿ."

ಅವನು ಚೀಟಿಯನ್ನು ಮೇಜಿನ ಮೇಲೆ ಬಿಟ್ಟ. ಕಂಪ್ಯೂಟರಿನ ಮುಂದೆ ಕೂತು ಫೈಲಿನ ಶುರುವಿಗೆ ಹೋದ. ಪರದೆಯ ಮೇಲೆ ಅಲ್ಲಿ ಒಂದು ಸಪಾಟು ಗೆರೆ. ಒತ್ತಿದ. ಏನೂ ಇಲ್ಲ. ದನಿ ಹೆಚ್ಚಿಸಿ ಮತ್ತೆ ಒತ್ತಿದ. ಅದೇ ಖಾಲಿ.

ಅವನ ಭುಜಗಳು ಕುಸಿದವು. ಕಿರುಚಾಟ ತೆಳ್ಳಗಾಗಿದ್ದಕ್ಕೆ ಬಣ್ಣವಷ್ಟೇ ಇಳಿದಿದ್ದ ಆ ಮುಖ ಈಗ ಪೂರ್ತಿ ಸೋತುಹೋಯಿತು.

"ಕಸ ಅಂತ ಯಾವುದನ್ನ ತೋರಿಸಿದ್ರಿ?"

"ಶುರುವಿನದ್ದು. ಹಾಡಿಗೆ ಮುಂಚಿನದ್ದು."

"ಅದರಲ್ಲಿ ಏನಿತ್ತು?"

"ಏನಿರುತ್ತೆ? ಸುಯ್ ಅನ್ನೋದು."

"ಇನ್ನೇನಿತ್ತು?"

ಅವಳು ಯೋಚಿಸಿದಳು. ಅವಳ ಕಣ್ಣು ಮೇಜಿನ ಮೈಕಿನ ಮೇಲೆ ಬಿತ್ತು.

"...ನಾನಿದ್ದೆ," ಎಂದಳು.

"ನೀವಿದ್ರಿ." ಅವನು ಅವಳ ಕಡೆ ತಿರುಗಲಿಲ್ಲ. ಸಪಾಟು ಗೆರೆಗೇ ಹೇಳುತ್ತಿದ್ದ. "ಇಲ್ಲಿಗೆ ಸೇರಿದಾಗಿಂದ ಪ್ರತಿ ಟೇಪಿನ ಮುಂದೆ ನಿಮ್ಮನ್ನ ಕೇಳ್ತಿದ್ದೀನಿ. ಔಷಧಿ ಬಾಟಲಿ ಮೇಲಿನ ಚೀಟಿ ಓದೋ ಹಾಗೆ ಓದ್ತೀರಿ. ಕತ್ತರಿಸೋಕೆ ಮುಂಚೆ ಎರಡು ಸಲ ಕೇಳ್ತೀನಿ, ಅಷ್ಟೇ, ಮತ್ತೇನೂ ಸಿಗಲ್ಲ. ಈ ಒಂದು ಟೇಪಲ್ಲಿ ಮಾತ್ರ ಆ ಮೇಡಂ ಕಿರುಚಿದ ತಕ್ಷಣ ನೀವು ‘ಅಯ್ಯೋ, ನಿನ್ನ ಗಂಟಲು ಬಿದ್ದುಹೋಗ!’ ಅಂತ ಬೈದು..." ಅವನ ತುಟಿಯ ಎಡತುದಿ ತಾನಾಗಿ ಮೇಲೇರಿತು. "ಬೈದು, ನಕ್ಕುಬಿಟ್ರಿ. ಜೋರಾಗಿ. ನಿಮಗೇ ಗೊತ್ತಿಲ್ಲದ ಹಾಗೆ. ನೀವು ನಗೋದನ್ನ ನಾನು ಅದಕ್ಕೆ ಮುಂಚೆ ಕೇಳೇ ಇರಲಿಲ್ಲ. ನಿಮ್ಮ ದನೀನೇ ಕಸ ಅಂತ ತೋರಿಸಿದ್ರಿ, ಕಿರುಚಾಟದ ಮೇಲೆ ಬಿದ್ದಿದ್ದ ಆ ನಗೂನೂ ಅದು ಗುಡಿಸಿಹಾಕಿದೆ."

ಇಷ್ಟು ದಿನ ಅವಳು ಹಲ್ಲು ಕಚ್ಚಿ ಕರುಬಿದ್ದು, ನಿದ್ದೆಗೆಟ್ಟು ಶಪಿಸಿದ್ದು, ಕಸ ಎಂದು ಬೆರಳು ಮಾಡಿ ತೋರಿಸಿದ್ದು, ಎಲ್ಲ ತನ್ನನ್ನೇ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಹಾಗಾದ್ರೆ ಹೊಸ ಶರ್ಟು?" ಎಂದಳು ಕೊನೆಗೆ. ಆ ಹೊತ್ತಿನಲ್ಲೂ ಅದೇ ಬಾಯಿಗೆ ಬಂತು.

"ಶರ್ಟು ಅವರಿಗೇ. ಅಂಥವರನ್ನ ನೋಡೋಕೆ ಹಳೆ ಶರ್ಟಲ್ಲಿ ಹೋಗೋಕಾಗುತ್ತಾ?" ಅವನು ಈಗ ತಿರುಗಿದ. "ನಗು ನಿಮ್ಮದು. ಅಳಿಸಿಬಿಟ್ರಲ್ಲ."

*

ಅವಳು ಟೇಪು ತಾಗಿಕೊಂಡು ಓಡುವ ಮೆಷಿನ್ನಿನ ತಲೆಯನ್ನು ಒರೆಸಿದಳು. ಕಡ್ಡಿಯ ಹತ್ತಿ ಕಂದುಬಣ್ಣಕ್ಕೆ ತಿರುಗಿತು. ಇನ್ನೊಂದು ಕಡ್ಡಿ, ಇನ್ನೊಂದು. ಬಿಳಿಯಾಗಿ ಬರುವವರೆಗೂ ಒರೆಸಿದಳು. ಟೇಪನ್ನು ಮಗುವನ್ನು ಮಲಗಿಸುವ ಹಾಗೆ ಇಟ್ಟಳು.

ಗಾಜಿನ ಆಚೆ ಅವನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಈ ಸಲ ಕಣ್ಣು ಮುಚ್ಚಿರಲಿಲ್ಲ.

ಮೈಕು ಹಚ್ಚಿದಳು. ಕೈಕಾಲು ಎಂದಿನಂತೆ ತಣ್ಣಗಾದವು. ಟೇಪು ತಿರುಗತೊಡಗಿತು. ಅದರ ಶುರುವಿನ ಖಾಲಿ ಭಾಗ ಮುಗಿಯುವವರೆಗೆ ಮಾತ್ರ ಅವಳ ಸರದಿ. ಆಮೇಲೆ ಲಾಂಡ್ರಿಯವಳದು.

"ತುಕ್ಕು. ಬದಿ ಒಂದು," ಎಂದಳು. ಸೂಜಿ ಅಲ್ಲಾಡಿತೋ ಇಲ್ಲವೋ. "ಟೇಪಿನ ಸ್ಥಿತಿ: ಅಂಚು ಸವೆದಿದೆ. ಪುಡಿ ಉದುರ್ತಿದೆ. ಆದ್ರೂ ಓಡುತ್ತೆ."

ಗಾಜಿನ ಆಚೆ ಅವನು ತಲೆಯಾಡಿಸಿದ.

ಅವಳಿಗೆ ಆ ತೆಳ್ಳನೆಯ ಹುಡುಗಿ ನೆನಪಾದಳು. ಉಪ್ಪು ಬೇಕೆಂದು ಕೇಳಲು ದನಿಯಿಲ್ಲದವಳು. ಮೆಟ್ಟಿಲಿಳಿದು ಹೋಗಿ ಮೈಕಿಗೆ ಬಾಯಿ ತಾಗಿಸಿ ನಿಂತವಳು. ಹತ್ತಿ ಮೈಕನ್ನು ಎಳೆದುಕೊಂಡಳು. ತೀರ ಹತ್ತಿರಕ್ಕೆ. ತಪ್ಪು ಎನ್ನುವಷ್ಟು ಹತ್ತಿರಕ್ಕೆ.

"ಓಡಿಸುತ್ತಿರುವವಳ ಸ್ಥಿತಿ," ಎಂದಳು, "ಹೊಟ್ಟೆಕಿಚ್ಚಿಗೆ ಸತ್ತು ಸುಣ್ಣವಾಗಿದ್ದಾಳೆ. ಕಾರಣ, ಗಾಜಿನ ಆಚೆ ಕೂತಿರೋ ಗರಗಸ. ಅವನು ಬೇರೆ ಯಾರನ್ನ ಕೇಳಿ ನಕ್ಕರೂ ನನಗೆ ಆಗಲ್ಲ. ಅಜ್ಜಿಯಾದ್ರೂ ಆಗಲ್ಲ, ಟೇಪಾದ್ರೂ ಆಗಲ್ಲ. ಯಾಕಂದ್ರೆ—"

ಉಸಿರು ಮುಗಿಯುತ್ತಿತ್ತು. ಮಾತು ಗಂಟಲಲ್ಲಿ ಇಂಗುವುದರಲ್ಲಿತ್ತು. ಬಿಡಲಿಲ್ಲ.

"ಯಾಕಂದ್ರೆ ನೀನಂದ್ರೆ ನನಗೆ ಪ್ರಾಣ ಕಣೋ!"

ಕಿರುಚಿಯೇಬಿಟ್ಟಳು. ದನಿ ನಡುವೆ ಸೀಳಿತು, ಒಡೆಯಿತು, ಕರ್ಕಶವಾಗಿ ಗೋಡೆಗೆ ಬಡಿಯಿತು. ಅದೇ ಕ್ಷಣಕ್ಕೆ ಟೇಪಿನೊಳಗಿನ ಹುಡುಗಿಯೂ ಬಾಯಿ ತೆಗೆದಳು. ಎರಡು ಕಿರುಚಾಟಗಳು ಒಂದರ ಮೇಲೊಂದು ಬಿದ್ದವು. ಹತ್ತಿ ಬೆಚ್ಚಿ, ಸ್ಪಿರಿಟ್ ಬಾಟಲಿ ಮತ್ತೆ ಚೆಲ್ಲಿ, ಬಿದ್ದು ಬಿದ್ದು ನಕ್ಕಳು.

ಗಾಜಿನ ಆಚೆ ಅವನು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದ. ತುಟಿಯ ಎರಡೂ ತುದಿಗಳು ಒಟ್ಟಿಗೇ ಮೇಲೇರಿದ್ದವು. ಅವನ ಬಾಯಿ ಆಡಿತು. ದನಿ ಕೇಳಿಸಲಿಲ್ಲ, ಆದರೆ ಗಾಜಿಗೆ ಉಸಿರು ತಾಗಿಸಿ, ಮಬ್ಬಾದ ಜಾಗದಲ್ಲಿ ಬೆರಳಿನಿಂದ ಅವನು ಬರೆದಿದ್ದನ್ನು ಈ ಬದಿಯಿಂದ ಉಲ್ಟಾ ಆಗಿಯೇ ಓದಿಕೊಂಡಳು: ಇದನ್ನ ಕತ್ತರಿಸಲ್ಲ.

"ಗಿರಾಕಿ ಕೇಳ್ತಾರೆ ಕಣೋ!" ಎಂದಳು ಅವಳು ಮೈಕಿನಲ್ಲೇ, ಕಣ್ಣೊರೆಸಿಕೊಳ್ಳುತ್ತ.

ಕೇಳಲಿ ಎನ್ನುವ ಹಾಗೆ ಅವನು ಭುಜ ಕುಣಿಸಿದ. ಕುರ್ಚಿ ಬಿಟ್ಟು ಎದ್ದ. ಗಾಜಿನ ಪಕ್ಕದ ಬಾಗಿಲಿನ ಕಡೆಗೆ ಬರತೊಡಗಿದ.

ಮೀಟರಿನ ಸೂಜಿ ಕೆಂಪಿಗೆ ಹೋಗಿ ಅಲ್ಲೇ ನಡುಗುತ್ತ ನಿಂತಿತ್ತು. ತಗ್ಗಿಸುವ ಗುಂಡಿ ಅವಳ ಬೆರಳಿನ ಕೆಳಗೇ ಇತ್ತು. ಹತ್ತಿ ಕೈಯನ್ನು ಮಡಿಲಿಗೆ ಎಳೆದುಕೊಂಡು, ಬಾಗಿಲು ತೆರೆಯುವುದನ್ನೇ ನೋಡುತ್ತ ಕೂತಳು.